ಸಮುದ್ರಕ್ಕೊಂದು ಚಕ್ಕುಬಂದಿ

ಮಾವನವರಿಗೆ,

ತೀರ್ಥರೂಪ ಸಮಾನರು, ಸಾಷ್ಟಾಂಗ ನಮಸ್ಕಾರಗಳು ಎಂದೆಲ್ಲ ಶುರು ಮಾಡಿದರೆ "ಪೀಠಿಕೆ ಸಾಕವ್ವ, ವಿಷಯಕ್ಕ ಬಾ" ಎನ್ನುತ್ತೀರಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಸಮುದ್ರ ನೋಡಿದೆ. ನಲವತ್ತೊಂದನೆಯ ವಯಸ್ಸಿನಲ್ಲಿ, ನೀವು ಹೋಗಿ ಎರಡು ವರ್ಷವಾದ ಮೇಲೆ. ಬರೀ ನೋಡಿದ್ದಲ್ಲ, ಅದರ ಮೇಲೆ ನಿಂತು ಅದರ ನಾಲ್ಕು ದಿಕ್ಕನ್ನೂ ಬರೆದುಕೊಂಡು ಬಂದೆ. ಶಿಕಾರಿಪುರದ ತಾಲ್ಲೂಕು ಕಚೇರಿ ಮುಂದೆ ಕೂತು ಊರವರ ಅರ್ಜಿ, ಕರಾರು, ಕ್ರಯಪತ್ರ ಬರೆಯುವುದರಲ್ಲೇ ಆಯಸ್ಸು ಕಳೆದ ನೀವು ಒಂದು ಸಲವೂ ಘಟ್ಟ ಇಳಿಯಲಿಲ್ಲ. ಕರೆದಾಗಲೆಲ್ಲ "ಅಲ್ಲೇನೈತಿ, ಬರೀ ನೀರು" ಅಂದಿರಿ. ಮಾವ, ಅಲ್ಲಿರುವುದು ಬರೀ ನೀರಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ.

ನಿಮ್ಮ ಮೊಪೆಡ್ಡಿನ ಹಿಂದೆ ಮೊದಲ ಸಲ ಕೂತ ದಿನ ನೆನಪಾಗುತ್ತದೆ. ಮದುವೆಯಾಗಿ ಸೊರಬದ ಕಡೆಯಿಂದ ಬಂದು ನನಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಅಕ್ಷರ ದುಂಡಗಿದೆ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಲು ಶುರು ಮಾಡಿದ್ದಿರಿ. ಸೊಸೆಯನ್ನು ಕಚೇರಿ ಬಾಗಿಲಲ್ಲಿ ಕೂರಿಸಿದ್ದಾರೆ ಎಂದು ಓಣಿಯವರು ಆಡಿಕೊಂಡಿದ್ದು ಕೇಳಿಸಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆವತ್ತು ಬಂದಳಿಕೆ ಹತ್ತಿರದ ಒಂದು ಹೊಲದ ಕ್ರಯಪತ್ರ ಬರೆಯಬೇಕಿತ್ತು. ಕಾಗದಗಳೆಲ್ಲ ಸರಿಯಾಗಿಯೇ ಇದ್ದವು. ಆದರೂ ನೀವು ಪಂಚೆ ಎತ್ತಿಕಟ್ಟಿ ಬದುವಿನ ಮೇಲೆ ಹೊಲವನ್ನು ಒಂದು ಸುತ್ತು ಹಾಕಿದಿರಿ, ನನ್ನನ್ನೂ ಸುತ್ತಿಸಿದಿರಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ, ಉತ್ತರಕ್ಕೇನು, ದಕ್ಷಿಣಕ್ಕೇನು. ಈ ನಾಲ್ಕು ಎಲ್ಲೆಗೆ ಚಕ್ಕುಬಂದಿ ಅನ್ನುತ್ತಾರೆ ಎಂದು ನಾನು ಕಲಿತದ್ದೇ ಅಲ್ಲಿ, ಆ ಬಿಸಿಲಲ್ಲಿ. ಎಂತಕ್ಕೆ ಇಷ್ಟು ಸುತ್ತುವುದು, ಸರ್ವೆ ನಂಬರು ಇದೆಯಲ್ಲ ಎಂದು ಕೇಳಿದೆ. ನೀವು ನನ್ನ ಸೊರಬದ "ಎಂತಕ್ಕೆ"ಯನ್ನು ಅಣಕಿಸಿ ನಕ್ಕಿರಿ. ಆಮೇಲೆ ಹೇಳಿದಿರಿ: "ನಂಬರು ಸರ್ಕಾರದ್ದವ್ವ. ಚಕ್ಕುಬಂದಿ ಅಲ್ಲಿ ಬಾಳೇವು ಮಾಡೋರದು."

ಗಣಪಿಯ ನೆನಪಿದೆಯಾ ನಿಮಗೆ? ಆನವಟ್ಟಿ ಸಂತೆಗೆ ಘಟ್ಟದ ಕೆಳಗಿನಿಂದ ಒಣಮೀನು ತರುತ್ತಿದ್ದವಳು. ಸಂತೆಯಲ್ಲಿ ಅವಳನ್ನು ಕೂತ ಜಾಗದಿಂದ ಎಬ್ಬಿಸಿದಾಗ, ಯಾರೋ ಹೇಳಿದರೆಂದು ಬುಟ್ಟಿ ಸಮೇತ ನಿಮ್ಮ ಹತ್ತಿರ ಬಂದಿದ್ದಳು. ನೀವು ಮೂಗಿಗೆ ಟವೆಲು ಸುತ್ತಿಕೊಂಡು ಅರ್ಜಿ ಬರೆದಿರಿ. ಅವಳು ಹಾಸಿಕೊಂಡು ಕೂರುವ ಗೋಣಿತಾಟಿಗೂ ಚಕ್ಕುಬಂದಿ ಹಾಕಿದಿರಿ. ಪೂರ್ವಕ್ಕೆ ಈರುಳ್ಳಿಯವನು, ಪಶ್ಚಿಮಕ್ಕೆ ಚರಂಡಿ, ಉತ್ತರಕ್ಕೆ ಬಳೆಗಾರರು, ದಕ್ಷಿಣಕ್ಕೆ ಓಡಾಡುವ ದಾರಿ. ಕಚೇರಿಯವರು ಓದಿ ನಕ್ಕರು. ಆದರೆ ಅವಳ ಜಾಗ ಅವಳಿಗೆ ಉಳಿಯಿತು. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಅವಳು ನಿಮ್ಮನ್ನು ಮಾತಾಡಿಸದೆ ಬಿಡುತ್ತಿರಲಿಲ್ಲ. ಮೀನಿನ ಬುಟ್ಟಿ ಕಂಡ ಕೂಡಲೇ ನೀವು ಟವೆಲು ಹುಡುಕುತ್ತಿದ್ದಿರಿ.

ಹೋದ ವರ್ಷ ಅವಳು ನನ್ನ ವಕೀಲಿ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಕೈಯಲ್ಲಿ ಬುಟ್ಟಿ ಇರಲಿಲ್ಲ, ಪ್ಲಾಸ್ಟಿಕ್ ಚೀಲದೊಳಗೆ ಒಂದು ಕಾಗದವಿತ್ತು. "ಬರೆಯೂ ಅಜ್ಜ ಎಲ್ಲಿದ್ರು ಅಮಾ?" ಎಂದು ಕೇಳಿದಳು. ನೀವಿಲ್ಲ ಎಂದಾಗ ಅಲ್ಲೇ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಕಾಗದ ಕೊಟ್ಟಳು. ಅವಳ ಊರಿನ ಮುಂದಿನ ಸಮುದ್ರಕ್ಕೆ ಕಲ್ಲುಮಣ್ಣು ತುಂಬಿ, ಸರಕು ಇಳಿಸುವ ದೊಡ್ಡ ಅಂಗಳ ಮಾಡಲು ಒಂದು ಕಂಪನಿಗೆ ಪರಿಸರ ಅನುಮತಿ ಸಿಕ್ಕಿತ್ತು. ಅದರ ಪ್ರತಿ ಅದು. ತುಂಬುವ ಜಾಗದಲ್ಲಿ ಮೀನುಗಾರಿಕೆಯ ಬಳಕೆ ಏನೂ ಇಲ್ಲ ಎಂದು ಅಧ್ಯಯನ ವರದಿ ಹೇಳಿತ್ತು, ಅನುಮತಿ ನಿಂತದ್ದೇ ಆ ಒಂದು ಮಾತಿನ ಮೇಲೆ. ಮೇಲ್ಮನವಿ ಹಾಕಲು ಮೂವತ್ತು ದಿನದ ಗಡುವು. ಉಳಿದಿದ್ದು ಆರು ದಿನ. ಇದು ಚೆನ್ನೈನ ಪರಿಸರ ಪೀಠಕ್ಕೆ ಹೋಗಬೇಕಾದ ವಿಷಯ, ನಾನು ತಾಲ್ಲೂಕು ಕೋರ್ಟಿನಲ್ಲಿ ಬದು ಒತ್ತುವರಿ, ಪಾಲು ವಿಭಾಗ ಮಾಡಿಕೊಂಡಿರುವವಳು, ದೊಡ್ಡ ವಕೀಲರನ್ನು ನೋಡು ಎಂದು ಹೇಳಿದೆ. ಅವಳು ಎದ್ದು ಹೋಗಲಿಲ್ಲ. ಅಜ್ಜ ಗೋಣಿತಾಟಿಗೆ ಬರೆದುಕೊಟ್ಟರು, ನೀನು ಊರಿಗೆ ಬರೆದುಕೊಡುವುದಿಲ್ಲವಾ ಎಂದಳು.

ಆ ಆರು ದಿನ ನಾನು ಹೇಗೆ ಬರೆದೆನೋ ನನಗೇ ಗೊತ್ತಿಲ್ಲ. ಗಣಪಿ ಹೇಳಿದ್ದನ್ನೆಲ್ಲ ಸೇರಿಸಿದೆ. ಮರಳಿನ ಮೇಲೆ ಯಾವ ಮನೆಯವರು ಎಲ್ಲಿ ಮೀನು ಒಣಗಿಸುತ್ತಾರೆ, ದೋಣಿ ಎಲ್ಲಿ ಎಳೆದಿಡುತ್ತಾರೆ, ಬಲೆ ಎಲ್ಲಿ ಹರವುತ್ತಾರೆ. ಕೊನೆಗೆ ನಮ್ಮ ಪದ್ಧತಿಯಂತೆ ಆ ಮರಳಿನ ಜಾಗಕ್ಕೆ ಚಕ್ಕುಬಂದಿ ಬರೆದೆ. ಪೂರ್ವಕ್ಕೆ ಮನೆಗಳು, ಉತ್ತರಕ್ಕೆ ಹೊಳೆಬಾಯಿ, ದಕ್ಷಿಣಕ್ಕೆ ಬಂಡೆಸಾಲು, ಪಶ್ಚಿಮಕ್ಕೆ... ಪಶ್ಚಿಮಕ್ಕೆ ಏನು ಬರೆದೆ ಗೊತ್ತಾ ಮಾವ? ಸರ್ಕಾರಿ ಖರಾಬು. ಶಿಕಾರಿಪುರದ ಕಚೇರಿ ಮುಂದೆ ಕೂತು ಬರೆದ ಯಾವ ಕೈಯಾದರೂ ಹಾಗೆಯೇ ಬರೆಯುತ್ತಿತ್ತು. ಗುಡ್ಡವಿರಲಿ, ಹಳ್ಳವಿರಲಿ, ಉಳುಮೆಗೆ ಬಾರದ್ದು, ಖಾತೆಯಲ್ಲಿ ಯಾರ ಹೆಸರೂ ಇಲ್ಲದ್ದು ಎಂದರೆ ನಮಗೆ ಖರಾಬು. ಕೈ ತಾನಾಗಿ ಬರೆಯಿತು. ಇಂಗ್ಲಿಷಿಗೆ ತಿರುಗಿಸಿದಾಗ ಅದು ಉಪಯೋಗವಿಲ್ಲದ ಸರ್ಕಾರಿ ಪಾಳು ಎಂದಾಗಿ ಚೆನ್ನೈಗೆ ಹೋಯಿತು. ಕಂಪನಿ ತುಂಬಲು ಹೊರಟಿದ್ದು ಸರಿಯಾಗಿ ಆ ಪಶ್ಚಿಮವನ್ನೇ.

ಮೊದಲ ವಿಚಾರಣೆಯ ದಿನ ಚೆನ್ನೈನ ಆ ಹಾಲಿನಲ್ಲಿ ನಾನು ಎಷ್ಟು ಚಿಕ್ಕವಳಾಗಿ ನಿಂತಿದ್ದೆ ಎಂದರೆ, ನೀವಿದ್ದಿದ್ದರೆ ನೆಟ್ಟಗೆ ನಿಲ್ಲು ಎಂದು ಹಿಂದಿನಿಂದ ಕೆಮ್ಮುತ್ತಿದ್ದಿರಿ. ಪೀಠದಲ್ಲಿ ಇಬ್ಬರು, ಒಬ್ಬರು ನ್ಯಾಯಾಧೀಶರು, ಇನ್ನೊಬ್ಬರು ಸಮುದ್ರದ ವಿಷಯ ಓದಿಕೊಂಡ ತಜ್ಞ ಸದಸ್ಯೆ. ಕಂಪನಿಯ ವಕೀಲರು ದನಿ ಏರಿಸಲಿಲ್ಲ, ನನ್ನನ್ನು ಹಂಗಿಸಲೂ ಇಲ್ಲ. ನನ್ನದೇ ಅರ್ಜಿಯ ಕೊನೆಯ ಪುಟ ತೆಗೆದು ಆ ಒಂದು ಸಾಲನ್ನು ನಿಧಾನವಾಗಿ ಓದಿದರು. ಪಶ್ಚಿಮದ ಭಾಗ ಪಾಳು ಎಂದು ಮೇಲ್ಮನವಿದಾರರೇ ಬರೆದಿದ್ದಾರೆ, ನಮ್ಮ ವರದಿ ಹೇಳಿದ್ದೂ ಅಷ್ಟನ್ನೇ ಎಂದು ಕೂತರು. ಆ ತಜ್ಞೆ ನನ್ನನ್ನು ನೋಡಿ, ಈ ಜಾಗವನ್ನು ನೀವು ಕಣ್ಣಾರೆ ಕಂಡಿದ್ದೀರಾ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಇಲ್ಲ ಎಂದೆ. ಹಾಗಾದರೆ ಹೋಗಿ ನೋಡಿ ಬನ್ನಿ, ತಿದ್ದುಪಡಿಗೆ ಅವಕಾಶ ಕೊಡುತ್ತೇವೆ, ಅಲ್ಲಿ ಏನಾದರೂ ಇದ್ದರೆ ತೋರಿಸಿ, ಇಲ್ಲದಿದ್ದರೆ ಅರ್ಜಿ ಉಳಿಯುವುದಿಲ್ಲ ಎಂದರು.

ವಾಪಸು ಬರುವ ರೈಲಿನಲ್ಲಿ ಕೂತು ನೆನೆದದ್ದು ನಿಮ್ಮ ಒಂದು ಸಂಜೆಯ ಮಾತನ್ನು. ಕೈ ನಡುಗಲು ಶುರುವಾಗಿ ನೀವು ಬರೆಯುವುದನ್ನು ಬಿಟ್ಟಿದ್ದಿರಿ. ಯಾರೂ ಕೇಳದಿದ್ದರೂ ನೀವಾಗಿಯೇ ಹೇಳಿದಿರಿ, ಪ್ರಾಯದಲ್ಲಿ ಒಂದು ಕಾಗದದಲ್ಲಿ ಪಕ್ಕದ ಕುರುಚಲು ಮಟ್ಟಿ ಜಾಗವನ್ನು ಖರಾಬು ಎಂದು ಬರೆದಿದ್ದಿರಂತೆ, ಅದೇ ಕಾಗದ ಮುಂದೆ ಮಾಡಿ ಯಾರೋ ಆ ಜಾಗವನ್ನು ತಮಗೆ ಮಂಜೂರು ಮಾಡಿಸಿಕೊಂಡರಂತೆ. "ಆಡು ಮೇಯ್ಸೋರು ನಾಕು ಮನಿ ಇದ್ರವ್ವ ಅಲ್ಲಿ. ನಾ ಹೋಗಿ ನೋಡ್ಲಿಲ್ಲ, ಕುಂತಲ್ಲೇ ಬರ್ದೆ." ನೀವು ಪಂಚೆ ಎತ್ತಿಕಟ್ಟಿ ಹೊಲ ಸುತ್ತಲು ಶುರು ಮಾಡಿದ್ದು ಅದಾದ ಮೇಲೆ ಎಂದು ಆವತ್ತು ತಿಳಿಯಿತು. ಅಷ್ಟು ಗೊತ್ತಿದ್ದೂ ನಾನು ಅದನ್ನೇ ಮಾಡಿದೆನಲ್ಲ. ನಾಚಿಕೆಯಾಯಿತು ಮಾವ. ನಿಮ್ಮ ಮುಂದೆ ನಿಂತಿದ್ದರೂ ಅಷ್ಟು ಆಗುತ್ತಿರಲಿಲ್ಲವೇನೋ.

ಸೊರಬ, ಸಿದ್ದಾಪುರ ದಾಟಿ ಘಟ್ಟ ಇಳಿದ ಆ ಬೆಳಿಗ್ಗೆಯನ್ನು ಹೇಗೆ ವರ್ಣಿಸಲಿ? ಗಣಪಿಯ ಮನೆಯ ಹಿತ್ತಿಲು ದಾಟಿದ ಕೂಡಲೇ ಎದುರಿಗೆ ಅದು. ನಮ್ಮ ಕಡೆ ದೊಡ್ಡದು ಎಂದರೆ ಕೆರೆ, ಅದಕ್ಕೂ ಆಚೆ ದಡವಿರುತ್ತದೆ, ದಡದ ಮೇಲೆ ಯಾರದೋ ಎಮ್ಮೆ ಇರುತ್ತದೆ. ಇದಕ್ಕೆ ಆಚೆಯೇ ಇರಲಿಲ್ಲ. ಇಷ್ಟು ದೊಡ್ಡದನ್ನು ನಾನು ಎರಡು ಪದದಲ್ಲಿ ಪಾಳು ಮಾಡಿದ್ದೆ. ಪಕ್ಕದಲ್ಲಿ ನಿಂತ ಗಣಪಿ ಮಾತ್ರ ತನ್ನ ಹಿತ್ತಿಲನ್ನು ತೋರಿಸುವವಳ ಹಾಗೆ ನಿಂತಿದ್ದಳು.

ದೋಣಿ ಗಣಪಿಯ ಭಾವ ಮಾದೇವಣ್ಣನದು. ಎಪ್ಪತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ನನ್ನನ್ನು ಸಮುದ್ರದೊಳಗೆ ಕರೆದೊಯ್ಯಲು ಅವರು ಮೊದಲು ಒಪ್ಪಲಿಲ್ಲ. ಕಾರಣ ಗಣಪಿ ಹೇಳಿದಳು. ನೀರಿನಡಿಯಲ್ಲಿ ಅಲ್ಲಲ್ಲಿ ಕಲ್ಲುಗಳಿವೆ, ಒಂದೊಂದಕ್ಕೂ ಹೆಸರಿದೆ, ಒಳ್ಳೆಯ ಮೀನು ನಿಲ್ಲುವುದು ಅಲ್ಲೇ. ಆದರೆ ಯಾವ ಕಲ್ಲು ಎಲ್ಲಿದೆ ಎಂಬುದು ಒಂದೊಂದು ದೋಣಿಯವರ ಗುಟ್ಟು. ಅಪ್ಪ ಮಗನಿಗೆ ಹೇಳುತ್ತಾನೆ, ಅಣ್ಣ ತಮ್ಮನಿಗೆ ಹೇಳುವುದಿಲ್ಲ. ಬೇರೆ ದೋಣಿ ಕಣ್ಣಿಗೆ ಬಿದ್ದರೆ ಸುತ್ತು ಬಳಸಿ ಹೋಗುತ್ತಾರೆ. ಫೋನಿನಲ್ಲಿ ಜಾಗ ಗುರುತು ಮಾಡಿಡಬಹುದು, ಆದರೆ ಇಡುವುದಿಲ್ಲ, ಫೋನು ಇನ್ನೊಬ್ಬರ ಕೈಗೆ ಹೋದರೆ? ವರದಿ ಮಾಡಲು ಬಂದವರು ಕೇಳಿದಾಗ ಊರವರೆಲ್ಲ ಒಂದೇ ಮಾತು ಹೇಳಿದ್ದರಂತೆ: ಇಲ್ಲೇನೂ ಇಲ್ಲ. ಮಾವ, ಕಂಪನಿಯ ವರದಿ ಸುಳ್ಳು ಬರೆದಿರಲಿಲ್ಲ. ಗುಟ್ಟು ಕಾಯಲು ಇವರು ಹೇಳಿದ್ದನ್ನೇ ನಿಜ ಎಂದು ಬರೆದುಕೊಂಡಿತ್ತು.

ದೋಣಿ ನಿಲ್ಲಿಸುವ ಚಪ್ಪರದಲ್ಲಿ ಸೇರಿದ ಆ ಮಧ್ಯಾಹ್ನ ನನಗೆ ಈ ಜನ್ಮಕ್ಕೆ ಸಾಕು. ಕಲ್ಲುಗಳ ಜಾಗ ಹೇಳದೆ ಬೇರೆ ದಾರಿಯಿಲ್ಲ, ಹೇಳಿದರೆ ಅದು ಎಲ್ಲರೂ ಓದುವ ಕಾಗದವಾಗುತ್ತದೆ, ಎರಡನ್ನೂ ಮುಚ್ಚಿಡದೆ ಹೇಳಿದೆ. ಮೊದಲು ಬಾಯಿಬಿಟ್ಟವಳು ಗಣಪಿ. "ಗುಟ್ಟು ಉಳಿಸ್ಕಂಡು ಕಲ್ಲು ಕಳಕಂಡ್ರೆ, ಆ ಗುಟ್ಟು ಎಂತಕ್ಕೆ?" ಮಾದೇವಣ್ಣ ತಮ್ಮ ಮೊದಲ ಕಲ್ಲಿನ ಹೆಸರು ಹೇಳಿದರು. ಮುದುಕಿ ಕಲ್ಲು. ಅದರ ಗುರುತು ಹೇಳುತ್ತಿದ್ದಂತೆ ಎದುರಿಗೆ ಕೂತಿದ್ದ ಅವರ ತಮ್ಮ ತಲೆಯೆತ್ತಿ, ಅದು ತನ್ನ ಒಲೆಕಲ್ಲಲ್ಲವಾ ಎಂದ. ಇಬ್ಬರೂ ಒಂದೇ ಕಲ್ಲನ್ನು ಬೇರೆ ಬೇರೆ ಹೆಸರಿಟ್ಟು ಪ್ರಾಯದಿಂದ ಒಬ್ಬರಿಗೊಬ್ಬರು ಬಚ್ಚಿಟ್ಟಿದ್ದರು. ಚಪ್ಪರವೆಲ್ಲ ನಕ್ಕಿತು. ನಗುತ್ತ ನಗುತ್ತಲೇ ಆ ತಮ್ಮ ಅಳತೊಡಗಿದ. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು, ನಾನು ಬರೆದೆ. ಹನ್ನೊಂದು ಕಲ್ಲು.

ಮಾರನೆಯ ದಿನ ಮಾದೇವಣ್ಣನೇ ನನ್ನನ್ನು ದೋಣಿಗೆ ಹತ್ತಿಸಿಕೊಂಡರು. ಬರೆದದ್ದನ್ನು ಸುತ್ತು ಹಾಕಿ ನೋಡದೆ ಈ ಸಲ ನಾನು ಬಿಡುವವಳಲ್ಲ. ಹೊಳೆಬಾಯಿ ದಾಟುವಷ್ಟರಲ್ಲಿ ಎರಡು ಸಲ ವಾಂತಿಯಾಯಿತು, ಮುಚ್ಚಿಡುವುದೇನು. ಸುತ್ತ ನೀರು ಎಲ್ಲ ಕಡೆಯೂ ಒಂದೇ ಥರ. ಯಾವ ಗುರುತೂ ಇಲ್ಲ. ಅವರು ನನ್ನನ್ನು ದಡಕ್ಕೆ ಮುಖಮಾಡಿ ಕೂರಲು ಹೇಳಿದರು. "ಆ ಬೋಳು ಗುಡ್ಡ ಕಾಣ್ತದ್ಯಾ? ಅದ್ರ ಎಡ ಹೆಗಲಿಗೆ ದೇವಸ್ಥಾನದ ಕಳಸ ಬರ್ಬೇಕು. ಬಂತಾ? ಈಗ ಬಲಕ್ಕೆ ನೋಡು, ದೀಪದ ಕಂಬದ ಹಿಂದೆ ತಾಳೆಮರ ಅಡಗ್ಬೇಕು." ದೋಣಿ ಮೆಲ್ಲಗೆ ಸರಿಯಿತು. ಕಳಸ ಗುಡ್ಡದ ಹೆಗಲ ಮೇಲೆ ಕೂತಿತು. ತಾಳೆಮರ ಕಂಬದ ಹಿಂದೆ ಹೋಗಿ ಮರೆಯಾಯಿತು. ಅವರು ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಬಿಟ್ಟು ಅದರ ತುದಿಯನ್ನು ನನ್ನ ಕೈಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಟಕ್ಕೆಂದು ಕಲ್ಲಿಗೆ ತಾಗಿದ್ದು ಬೆರಳಿಗೆ ಬಂತು. ನಾಲ್ಕು ಮಾರು ಆಚೆ ಹೋಗಿ ಬಿಟ್ಟರೆ ಹಗ್ಗ ಇಳಿಯುತ್ತಲೇ ಹೋಯಿತು, ತಾಗಲಿಲ್ಲ.

ಕಣ್ಣಿಗೆ ಕಾಣದ ಕಲ್ಲು. ಬದು ಇಲ್ಲ, ಬೇಲಿ ಇಲ್ಲ, ಕಾಲಿಡಲು ನೆಲವಿಲ್ಲ. ಆದರೂ ಪೂರ್ವಕ್ಕೆ ಕಳಸ, ದಕ್ಷಿಣಕ್ಕೆ ತಾಳೆಮರ. ಓದು ಬರಹ ಅಷ್ಟಕ್ಕಷ್ಟೇ ಎನ್ನುವ ಈ ಜನ ಸಮುದ್ರಕ್ಕೆ ಚಕ್ಕುಬಂದಿ ಹಾಕಿಟ್ಟಿದ್ದರು ಮಾವ, ನೀವು ಹುಟ್ಟುವುದಕ್ಕೂ ಮುಂಚೆ, ನಿಮ್ಮ ಅಜ್ಜ ಹುಟ್ಟುವುದಕ್ಕೂ ಮುಂಚೆ, ಒಂದು ಅಕ್ಷರ ಬರೆಯದೆ. ಪತ್ರ ಬರೆಯುವವರ ಮನೆಯವಳು ಎಂಬ ನನ್ನ ಜಂಬ ಆವತ್ತು ನೀರಿಗೆ ಬಿತ್ತು. ಒಳ್ಳೆಯದೇ ಆಯಿತು. ನೀವು ಆ ಹಲಗೆಯ ಮೇಲೆ ನನ್ನ ಪಕ್ಕ ಕೂತು, ಕನ್ನಡಕ ಹಣೆಗೇರಿಸಿ, ಕಳಸ ಎಲ್ಲಿ ಕೂರುತ್ತದೆ ಎಂದು ನೋಡಿದ್ದರೆ... ಟವೆಲು ನೆನಪಾಗುತ್ತಿರಲಿಲ್ಲ ನಿಮಗೆ.

ಶಿಕಾರಿಪುರಕ್ಕೆ ವಾಪಸು ಬಂದು ಕಂಪನಿಯ ವರದಿಯ ಜೊತೆ ಕೊಟ್ಟಿದ್ದ ಆಳದ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ್ದು ಒಂದು ಭಾನುವಾರ. ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲು ಹಿಡಿದು, ಗುಡ್ಡದಿಂದ ಕಳಸದ ಮೇಲೆ ಒಂದು ಗೆರೆ, ತಾಳೆಮರದಿಂದ ಕಂಬದ ಮೇಲೆ ಇನ್ನೊಂದು ಗೆರೆ ಎಳೆದೆ. ಎರಡೂ ಕೂಡಿದ ಕಡೆ ನಕ್ಷೆಯಲ್ಲಿ ಒಂದು ಸಣ್ಣ ಉಬ್ಬಿತ್ತು. ಹೆಸರಿಲ್ಲದ ಉಬ್ಬು. ಮುದುಕಿ ಕಲ್ಲು. ಹೀಗೆ ಹನ್ನೊಂದನ್ನೂ ಎಳೆದೆ. ಒಂಬತ್ತು ಸರಿಯಾಗಿ ಉಬ್ಬಿನ ಮೇಲೆಯೇ ಕೂತವು, ಇನ್ನೆರಡು ಕೂದಲೆಳೆಯಷ್ಟು ಪಕ್ಕಕ್ಕೆ. ಯಂತ್ರ ಇಳಿಬಿಟ್ಟು ಮಾಡಿದ ಅವರದೇ ನಕ್ಷೆಯಲ್ಲಿ ಕಲ್ಲುಗಳೆಲ್ಲ ಇದ್ದವು. ಅವು ಯಾರವು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಮೇಜಿನ ಮುಂದೆ ಒಬ್ಬಳೇ ಕೂತು ಅತ್ತುಬಿಟ್ಟೆ.

ಎರಡನೆಯ ಸಲ ಪೀಠದ ಮುಂದೆ ನಿಂತಾಗ ನನ್ನ ತಪ್ಪಿನಿಂದಲೇ ಶುರು ಮಾಡಿದೆ. ಪಶ್ಚಿಮಕ್ಕೆ ಪಾಳು ಎಂದು ಬರೆದದ್ದು ಜಾಗ ನೋಡದ ನಾನು, ಈ ಊರವರಲ್ಲ ಎಂದೆ. ಹನ್ನೊಂದು ಕಲ್ಲಿನ ಹೆಸರು, ಒಂದೊಂದರ ಗುರುತು, ಹೇಳಿದವರ ಸಹಿ, ಹೆಬ್ಬೆಟ್ಟು, ಜೊತೆಗೆ ಗೆರೆ ಎಳೆದ ನಕ್ಷೆ. ಇವೆಲ್ಲ ಬಾಯಿಮಾತಿನ ಕತೆ ಎಂದು ಎದುರಿನ ವಕೀಲರು ಆಕ್ಷೇಪಿಸಿದರು. ನಕ್ಷೆ ನಿಮ್ಮ ಕಂಪನಿಯದೇ ಅಲ್ಲವೇ ಎಂದು ಆ ತಜ್ಞೆ ನೆನಪಿಸಿದರು. ಆಮೇಲೆ ಅವರು ಪುಟ ತಿರುಗಿಸದೆ ಬಹಳ ಹೊತ್ತು ಆ ಗೆರೆಗಳನ್ನೇ ನೋಡುತ್ತಿದ್ದರು. ಹಗ್ಗದ ತುದಿಗೆ ಕಲ್ಲು ತಾಗಿದಾಗ ದೋಣಿಯಲ್ಲಿ ನನ್ನ ಮುಖ ಹೇಗಿದ್ದಿರಬೇಕೋ, ಹಾಗೆ ಇತ್ತು ಅವರ ಮುಖ.

ಅನುಮತಿ ರದ್ದಾಗಿದೆ ಮಾವ. ಹೊಸದಾಗಿ ಅಧ್ಯಯನ ಆಗಬೇಕು, ಮೀನುಗಾರರನ್ನು ಜೊತೆಗೆ ಕರೆದುಕೊಂಡು ಹೋಗಿ ಒಂದೊಂದು ಕಲ್ಲನ್ನೂ ಹೆಸರು ಸಮೇತ ದಾಖಲಿಸಬೇಕು, ಅಲ್ಲಿಯವರೆಗೆ ಒಂದು ಬುಟ್ಟಿ ಮಣ್ಣೂ ನೀರಿಗೆ ಬೀಳಬಾರದು ಎಂದು ಆದೇಶವಾಗಿದೆ. ಇದು ಕೊನೆಯಲ್ಲ. ಕಂಪನಿ ಮೇಲಿನ ಕೋರ್ಟಿಗೆ ಹೋಗಬಹುದು, ಹೊಸ ವರದಿ ತರಬಹುದು. ಆದರೆ ಆದೇಶದ ಅನುಬಂಧದಲ್ಲಿ ಮುದುಕಿ ಕಲ್ಲು ಅಚ್ಚಾಗಿದೆ, ಪಕ್ಕದಲ್ಲೇ ಒಲೆಕಲ್ಲು ಎಂಬ ಹೆಸರೂ ಇದೆ.

ಹೋದ ವಾರ ಆದೇಶದ ಪ್ರತಿ ಕೊಡಲು ಘಟ್ಟ ಇಳಿದಿದ್ದೆ. ದಡದಲ್ಲಿ ನಿಂತರೆ ಮುದುಕಿ ಕಲ್ಲಿನ ಕಡೆ ಗುರುತಿಲ್ಲದ ನಾಲ್ಕೈದು ದೋಣಿ ಕಂಡವು. ಪಕ್ಕದ ಊರುಗಳವು. ಪಟ್ಟಿ ಎಲ್ಲರ ಫೋನಿಗೂ ಹೋಗಿದೆ. ನಾನು ಬರೆದದ್ದರಿಂದಲೇ ಅಲ್ಲವೇ ಎಂದೆ. ಮಾದೇವಣ್ಣ ಬಲೆಯ ಹರಿದ ಕಣ್ಣು ಹೆಣೆಯುತ್ತ ತಲೆ ಎತ್ತದೆ ಹೇಳಿದರು: "ಬರ್ಲಿ ಬಿಡು. ಬರೂಕೆ ಕಲ್ಲು ಉಳೀತಲ್ಲ."

ಆಮೇಲೆ ನನ್ನನ್ನು ದೋಣಿಗೆ ಕರೆದರು. ಪಟ್ಟಿಯ ಕಲ್ಲುಗಳನ್ನೆಲ್ಲ ದಾಟಿ, ತುಂಬುವ ಜಾಗದಿಂದಲೂ ಬಹಳ ಆಚೆ, ದಡ ಒಂದು ನೂಲಿನಷ್ಟಾಗುವವರೆಗೆ ಹೋಗಿ ಎಂಜಿನ್ ನಿಲ್ಲಿಸಿದರು. ಅಲ್ಲೊಂದು ಕಲ್ಲಿದೆ. ಅವರ ತಮ್ಮನಿಗೂ ಗೊತ್ತಿಲ್ಲ, ಗಣಪಿಗೂ ಗೊತ್ತಿಲ್ಲ, ಪೀಠಕ್ಕೆ ಬೇಕಾಗಿಯೂ ಇರಲಿಲ್ಲ. ನನಗೇಕೆ ತೋರಿಸಿದಿರಿ ಎಂದೆ. ಮೀನು ತಿನ್ನದವಳು, ದೋಣಿ ಹತ್ತಿದರೆ ವಾಂತಿ ಮಾಡುವವಳು, ನಿನಗೆ ತೋರಿಸಿದರೆ ಕಲ್ಲಿಗೆ ಏನು ಭಯ ಎಂದು ನಕ್ಕರು. ಯಾವುದರ ಮೇಲೆ ಯಾವುದು ಕೂರಬೇಕು ಎಂದು ಎರಡು ಸಲ ಹೇಳಿ, ನನ್ನ ಬಾಯಲ್ಲೂ ಹೇಳಿಸಿದರು. ನನ್ನ ಚೀಲದಲ್ಲಿ ಪೆನ್ನಿತ್ತು, ಕಾಗದವಿತ್ತು. ತೆಗೆಯಲಿಲ್ಲ. ಕಂಡದ್ದನ್ನೆಲ್ಲ ಬರೆಯಲು ಕಲಿಸಿದವರು ನೀವು, ನಿಮ್ಮ ಹತ್ತಿರ ನಾನು ಯಾವತ್ತೂ ಏನನ್ನೂ ಮುಚ್ಚಿಟ್ಟವಳಲ್ಲ. ಆದರೆ ಆ ಕಲ್ಲಿನ ಹೆಸರು, ಅದರ ಗುರುತು ಮಾತ್ರ ನಿಮಗೂ ಹೇಳುವುದಿಲ್ಲ ಮಾವ.

ನಿಮ್ಮ ಸೊಸೆ,
ಗಿರಿಜಾ